ಹತ್ತಿ ಮೂಟೆಗಳ ಆಚೆಗಿನ ಜೋಗುಳ

ನಾನು ಮುಂಗೋಪಿ ಎಂದು ನಮ್ಮ ಬೀದಿಯವರೆಲ್ಲ ಹೇಳುತ್ತಾರೆ. ಹೇಳಲಿ. ನಾನು ಹೊಲಿದ ಹಾಸಿಗೆಯ ಮೇಲೆ ಕಾಲು ಚಾಚಿ ಮಲಗಿ, ಗೊರಕೆ ಹೊಡೆದು, ಬೆಳಿಗ್ಗೆ ಮೈಮುರಿದು ಎದ್ದು ಬಂದು ಆಡುವ ಮಾತು ಅದು. ರಾತ್ರಿಯಿಡೀ ಸೂರು ನೋಡಿಕೊಂಡು ಬಿದ್ದಿದ್ದವನು ನಿಂತು ಕೇಳಿಸಿಕೊಳ್ಳಬೇಕು. ಕಣ್ತುಂಬ ನಿದ್ದೆ ಮಾಡಿದವರು ಶಾಂತವಾಗಿರುವುದರಲ್ಲಿ ಏನು ಹೆಚ್ಚುಗಾರಿಕೆ ಇದೆ?

ಹೌದು, ನನಗೆ ನಿದ್ದೆ ಬರುವುದಿಲ್ಲ. ಹಾಸಿಗೆ ಅಂಗಡಿಯವನಿಗೆ ನಿದ್ದೆ ಬರುವುದಿಲ್ಲ ಎಂದರೆ ಕನ್ನಡಕದ ಅಂಗಡಿಯವನು ಹೋಗಿ ಹೋಗಿ ಕಂಬಕ್ಕೆ ಡಿಕ್ಕಿ ಹೊಡೆದ ಹಾಗೆ. ಆದ್ದರಿಂದ ಈ ಸಂಗತಿ ನನ್ನನ್ನು ಮತ್ತು ನನ್ನ ಹೆಂಡತಿಯನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ನಮ್ಮ ಅಂಗಡಿಯಲ್ಲಿ ಅಪ್ಪನ ಕಾಲದಿಂದ ಒಂದು ಪದ್ಧತಿ ಇದೆ. ಹೊಲಿದು ಮುಗಿಸಿದ ಹಾಸಿಗೆಯ ಮೇಲೆ ಅಂಗಡಿಯವನು ಒಂದು ಮಧ್ಯಾಹ್ನ ಮಲಗಿ ನೋಡಬೇಕು. ಬೆನ್ನಿಗೆ ಗಂಟು ಸಿಕ್ಕಿದರೆ ಹೊಲಿಗೆ ಬಿಚ್ಚಿ, ಹತ್ತಿಯನ್ನು ಮತ್ತೆ ಹಿಂಜಿ ತುಂಬಬೇಕು. ಅಪ್ಪ ಬಾಯಿ ತೆರೆದುಕೊಂಡು ಮಲಗಿದನೆಂದರೆ ಗಿರಾಕಿಗಳು ಅವನನ್ನು ಎಬ್ಬಿಸುತ್ತಿರಲಿಲ್ಲ. ನೋಡಿ, ತೃಪ್ತಿಪಟ್ಟು, ಮರುದಿನ ಬರುತ್ತಿದ್ದರು. ನಾನೂ ಮಲಗುತ್ತಿದ್ದೆ. ಕಣ್ಣು ಮುಚ್ಚುತ್ತಿದ್ದೆ. ಮುಚ್ಚಿದ ಕಣ್ಣಿನೊಳಗೆ, ಎದ್ದ ಮೇಲೆ ಯಾರು ಯಾರನ್ನು ಬೈಯಬೇಕೆಂದು ಲೆಕ್ಕ ಹಾಕುತ್ತಿದ್ದೆ.

ಹೀಗಿರುವಾಗ ಒಂದು ದಿನ ಅಕ್ಕನ ಮಗ ಬಂದು ಬಾಗಿಲಲ್ಲಿ ನಿಂತ. ಮದುವೆ ವಯಸ್ಸು ಮೀರುತ್ತಿರುವ ಗಂಡಸು, ಬೆನ್ನು ತುಂಬ ಕೂದಲು. ನಾನು ಅವನನ್ನು ಜಡೆ ಎಂದೇ ಕರೆಯುವುದು. ಬೆಳಿಗ್ಗೆ ಸಂಜೆ ಗಾಡಿಗಳಿಗೆ ನಂಬರ್ ಬರೆಯುತ್ತಾನೆ. ಮಧ್ಯಾಹ್ನ ಇನ್ನಿಬ್ಬರನ್ನು ಕಟ್ಟಿಕೊಂಡು ಸಂಗೀತ ಮಾಡುತ್ತಾನೆ. ಆ ಇಬ್ಬರೂ ಅವನ ಹಿಂದೆಯೇ ನಿಂತಿದ್ದರು. ಗಿಟಾರ್ ಹೊತ್ತುಕೊಂಡ ಹಲ್ಲಿನ ಡಾಕ್ಟರ ಮಗಳು, ಮಾತಾಡಿದರೆ ಎಲ್ಲಿ ಸದ್ದಾಗುತ್ತದೋ ಎನ್ನುವಂಥ ಹುಡುಗಿ. ಡ್ರಮ್ ಬಾರಿಸುವ ಕ್ಯಾಷಿಯರ್, ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಪೆನ್ನು.

"ಮಾವ, ನಿಮ್ಮ ಹಿಂದಿನ ಕೋಣೆ ಮಧ್ಯಾಹ್ನ ಖಾಲಿ ಇರುತ್ತಲ್ಲ, ಅಲ್ಲಿ ನಾವು ಪ್ರಾಕ್ಟೀಸ್ ಮಾಡ್ಕೋಬಹುದಾ?"

"ಯಾಕೆ, ಮೊದಲಿದ್ದ ಜಾಗ ಏನಾಯ್ತು?"

"ಓಡಿಸಿದ್ರು."

"ಅದಕ್ಕೂ ಮುಂಚೆ?"

"ಅಲ್ಲೂ ಓಡಿಸಿದ್ರು ಮಾವ. ಎಲ್ಲಾ ಕಡೆ ಓಡಿಸಿದ್ದಾರೆ. ನಮ್ಮದು ಮೆಲೋಡಿಕ್ ಡೆತ್ ಮೆಟಲ್. ಯಾವ ಕಂಪನಿನೂ ಹಿಂದೆ ಇಲ್ಲ. ನಾವೇ ಕಟ್ಟಿ, ನಾವೇ ಹಾಡಿ, ನಾವೇ ಬಿಡುಗಡೆ ಮಾಡ್ತೀವಿ."

ಮೊದಲ ಮಾತು ನನ್ನ ತಲೆಗೆ ಹೋಗಲಿಲ್ಲ, ನಾನು ಹೋಗಿಸಿಕೊಳ್ಳಲೂ ಇಲ್ಲ. ಕೊನೆಯ ಮಾತು ಹಿಡಿಸಿತು. ನಾನೂ ಹಾಗೆಯೇ. ನಾನೇ ಹಿಂಜಿ, ನಾನೇ ತುಂಬಿ, ನಾನೇ ಹೊಲಿದು ಮಾರುವವನು.

"ಯಾವ ಮೆಟಲ್ಲಾದ್ರೂ ಆಗಲಿ, ನನ್ನ ಹತ್ತಿಗೆ ಕಿಡಿ ತಾಗಿದ್ರೆ ನಿನ್ನ ಜಡೆನೇ ದಿಂಬಿಗೆ ತುಂಬ್ತೀನಿ. ಹೋಗಿ," ಎಂದೆ.

ಹಿಂದಿನ ಕೋಣೆ ಎಂದರೆ ಹಿಂಜುವ ಯಂತ್ರ ಇರುವ ಉದ್ದನೆಯ ಹಜಾರ. ಅದರ ಬೆನ್ನಿಗೆ ಖಾಲಿ ಬಯಲು. ಅದಕ್ಕೂ ಮುಂದಿನ ಅಂಗಡಿಗೂ ನಡುವೆ ಗೋಡೆ ಇಲ್ಲ. ಹಿಂಜಿದ ಹತ್ತಿಯ ಮೂಟೆಗಳನ್ನು ನೆಲದಿಂದ ಸೂರಿನವರೆಗೆ ಒಟ್ಟಿದ್ದೇನೆ, ಅದೇ ಗೋಡೆ. ಬಂದು ಹೋಗಲು ಹಿತ್ತಿಲ ಬಾಗಿಲು ಬೇರೆ.

ಮರುದಿನ ಮಧ್ಯಾಹ್ನ ನಾನು ಎಂದಿನಂತೆ ಹೊಸ ಹಾಸಿಗೆಯ ಮೇಲೆ ಮಲಗಿ ಲೆಕ್ಕ ಶುರು ಮಾಡಿದೆ. ಎದುರು ಮನೆಯ ಮೇಷ್ಟ್ರನ್ನು ಯಾವ ಮಾತಿನಿಂದ ಹಿಡಿಯಲಿ ಎಂದು ಯೋಚಿಸುತ್ತಿದ್ದೆ. ಮೂಟೆಗಳ ಆಚೆಯಿಂದ ಏನೋ ಬಂತು. ಶಬ್ದ ಎಂದು ಹೇಳುವಷ್ಟು ದೊಡ್ಡದಲ್ಲ. ತಾಯಿಯ ಮಡಿಲಿಗೆ ಕಿವಿಯಿಟ್ಟಾಗ ಒಳಗಿನಿಂದ ಅವಳ ಮಾತು ಕೇಳುತ್ತದಲ್ಲ, ಅರ್ಥವಾಗದೆ ಬರಿಯ ಗುಂಯ್ ಎಂದು, ಹಾಗೆ. ನಡುವೆ ಒಂದು ರಾಗ, ದೂರದ ಹೊಳೆಯಲ್ಲಿ ಯಾರೋ ದೀಪ ತೇಲಿಬಿಟ್ಟಂತೆ, ಕಂಡು ಮರೆಯಾಗಿ ಮತ್ತೆ ಕಂಡು ಹೋಗುತ್ತಿತ್ತು.

ಹಾಸಿಗೆ ಮೆಲ್ಲಗೆ ನೆಲ ಬಿಟ್ಟಿತು. ಸುಳ್ಳಲ್ಲ. ಬಾಗಿಲಿನಿಂದ ಹೊರಗೆ ತೇಲಿ, ಬೀದಿ ದಾಟಿ, ಮೇಷ್ಟ್ರ ಮಾಳಿಗೆಯ ಮೇಲಿಂದ ಹೋಯಿತು. ಮೇಲೆ ಮೋಡಗಳ ನಡುವೆ ಅಪ್ಪ ಚಕ್ಕಳ ಮಕ್ಕಳ ಹಾಕಿ ಕೂತು, ಯಂತ್ರ ಬರುವ ಮೊದಲು ಇದ್ದ ಹಿಂಜುವ ಬಿಲ್ಲನ್ನು ಮೀಟುತ್ತಿದ್ದ. ಡೊಂಯ್, ಡೊಂಯ್. ಒಂದೊಂದು ಮೀಟಿಗೂ ಒಂದು ಮೋಡ ಬಿಡಿಬಿಡಿಯಾಗಿ ಹರಡಿಕೊಳ್ಳುತ್ತಿತ್ತು. "ಗಂಟು ಇಲ್ಲ ನೋಡು," ಎಂದ ಅಪ್ಪ. ನಾನು ಕೈ ಹಾಕಿ ನೋಡಿದೆ. ಇರಲಿಲ್ಲ.

ಕಣ್ಣು ತೆರೆದಾಗ ಬಿಸಿಲು ಹೊಸ್ತಿಲು ದಾಟಿ ಹೋಗಿತ್ತು. ಸುತ್ತ ಜನ ನಿಂತಿದ್ದರು. ಹೆಂಡತಿ ನನ್ನ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರಿದೆಯೇ ಎಂದು ನೋಡುತ್ತಿದ್ದಳು.

ಅಂದಿನಿಂದ ದಿನಾ ಹಾಗೆಯೇ. ಅವರು ಮಧ್ಯಾಹ್ನ ಶುರು ಮಾಡುವುದು, ನಾನು ತೇಲುವುದು. ಆ ನಿದ್ದೆಯ ರುಚಿ ರಾತ್ರಿಗೂ ಉಳಿಯುತ್ತಿತ್ತು. ಒಂದು ಸಲವೂ ನಾನು ಆಚೆ ಹೋಗಿ ನೋಡಲಿಲ್ಲ. ನಿದ್ದೆ ಕೊಡುವವರನ್ನು ಇಣುಕಿ ನೋಡಿದರೆ ನಿದ್ದೆ ಮುನಿಸಿಕೊಂಡೀತು ಎಂದು ನನಗೆ ಅನಿಸಿತು. ಈಗ ನೀವು ನಗಬಹುದು. ನಿಮಗೆ ನಿದ್ದೆ ಬರುತ್ತದಲ್ಲ, ನಗುತ್ತೀರಿ.

ನಿದ್ದೆ ಬಂದ ಮೇಲೆ ಕೋಪ ಹೋಯಿತು. ಕೋಪ ಹೋದ ಮೇಲೆ ತೊಂದರೆ ಶುರುವಾಯಿತು.

ಚಹಾ ತರುವವನು ಒಂದು ಲೋಟ ನನ್ನ ಹೊಸ ಗವಸಿನ ಬಟ್ಟೆಯ ಮೇಲೆ ಚೆಲ್ಲಿದ. ಅಭ್ಯಾಸದಂತೆ ಎರಡು ಹೆಜ್ಜೆ ಹಿಂದೆ ಹಾರಿ, ಕಿವಿ ಮುಚ್ಚಿಕೊಂಡು ನಿಂತ. ನಾನು, "ಹೋಗಲಿ ಬಿಡಪ್ಪ, ಒಗೆದ್ರೆ ಹೋಗುತ್ತೆ," ಎಂದೆ. ಅವನು ಮಿಕ್ಕ ಲೋಟಗಳನ್ನೂ ಅಲ್ಲೇ ಬಿಟ್ಟು ನಮ್ಮ ಮನೆಗೆ, ನನ್ನ ಹೆಂಡತಿಯ ಹತ್ತಿರ ಓಡಿದ.

"ಅಕ್ಕಾ, ಅಣ್ಣನಿಗೆ ಏನೋ ಆಗಿದೆ. ಬೈಲಿಲ್ಲ."

"ಕಿವಿ ಮುಚ್ಕೊಂಡಿದ್ದೆ ಅಂತೀಯ, ಕೇಳಿಸಿರಲ್ಲ ಬಿಡು."

"ಇಲ್ಲಾ ಅಕ್ಕಾ. ತುಟಿ ನೋಡ್ತಿದ್ದೆ. ಅಪ್ಪ ಅಂದ್ರು ನನ್ನ."

ಹೆಂಡತಿ ಸಂಜೆಯೇ ನನ್ನನ್ನು ಮೂಲೆಯ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಡಾಕ್ಟರು ನಾಲಿಗೆ ನೋಡಿ, ಎದೆ ತಟ್ಟಿ, "ತೊಂದರೆ ಏನು?" ಎಂದರು.

"ಬೈತಿಲ್ಲ ಡಾಕ್ಟ್ರೇ," ಎಂದಳು.

"ಯಾರನ್ನ?"

"ಯಾರನ್ನೂ. ನಿನ್ನೆ ಅನ್ನ ಸೀದುಹೋಯ್ತು. ಸೀದಿದ್ದೂ ಒಂಥರ ಚೆನ್ನಾಗಿದೆ ಅಂದ್ರು ರೀ ಇವರು."

ಡಾಕ್ಟರು ಮುಖ ಗಂಭೀರ ಮಾಡಿಕೊಂಡು ಇನ್ನೊಂದು ಸಲ ಎದೆ ತಟ್ಟಿದರು.

ಸುಮ್ಮನಿದ್ದಿದ್ದರೆ ಇಷ್ಟಕ್ಕೇ ಮುಗಿಯುತ್ತಿತ್ತು. ಆದರೆ ಚೆನ್ನಾಗಿ ನಿದ್ದೆ ಮಾಡಿದವನಿಗೆ ಸುಮ್ಮನಿರಲು ಆಗುವುದಿಲ್ಲ, ಹೇಳಿಕೊಂಡು ತಿರುಗಬೇಕು ಅನಿಸುತ್ತದೆ. ನಾನು ಹೇಳಿಕೊಂಡು ತಿರುಗಿದೆ. ನಮ್ಮ ಅಕ್ಕನ ಮಗ ಎಂಥ ಕಲಾವಿದ, ಕೇಳಿದವರು ಹೇಗೆ ಕೂತಲ್ಲೇ ತೂಗುತ್ತಾರೆ ಎಂದೆಲ್ಲ ಹೇಳಿದೆ.

ಮೊದಲು ಸಿಕ್ಕಿದವರು ಎದುರು ಮನೆಯ ಮೇಷ್ಟ್ರು. ಕೆಲಸದಿಂದ ನಿವೃತ್ತಿಯಾದ ಮೇಲೆ ಅವರಿಗೆ ಸದ್ದಿನ ಮೇಲೆ ದೂರು ಕೊಡುವುದೇ ಕೆಲಸ. ಪಕ್ಕದವರ ಮಿಕ್ಸಿಯ ಮೇಲೆ ದೂರು ಕೊಟ್ಟಿದ್ದಾರೆ. ಗುಬ್ಬಿಯ ಮೇಲೂ ಕೊಡುತ್ತಿದ್ದರು, ಅದರ ಮನೆ ನಂಬರ್ ಗೊತ್ತಿಲ್ಲದೆ ನಿಂತಿದೆ.

"ನಿಮ್ಮ ಅಂಗಡಿಗೆ ಡ್ರಮ್ಮು ಹೋಗಿದ್ದನ್ನ ನೋಡಿದೆ. ಆದರೆ ಸದ್ದು ಕೇಳಲಿಲ್ಲ. ಇದರಲ್ಲಿ ಏನೋ ಇದೆ," ಎಂದರು.

"ಜೋಗುಳ ಮೇಷ್ಟ್ರೇ. ದೊಡ್ಡವರ ಜೋಗುಳ."

"ಡ್ರಮ್ಮಲ್ಲಿ?"

"ಅದೇ ಕಲೆ!"

ಎರಡನೆಯವರು ಆಸ್ಪತ್ರೆಯ ಮೇಲ್ವಿಚಾರಕ ಸಾಹೇಬರು. ವಾರ್ಡಿಗೆ ಹಾಸಿಗೆ ನೋಡಲು ಬಂದಾಗ ನಾನು ಮೋಡದ ಮೇಲಿದ್ದೆ. ನಾನು ಏಳುವವರೆಗೆ ಸ್ಟೂಲಿನ ಮೇಲೆ ಕೂತಿದ್ದರಂತೆ. ಎದ್ದಾಗ ಅವರ ಕಣ್ಣಲ್ಲಿ ನೀರಿತ್ತು.

"ಹೀಗೆ ಮಲಗಿದವರನ್ನ ನೋಡಿ ಎಷ್ಟು ಕಾಲ ಆಯ್ತು ರೀ! ನಮ್ಮಲ್ಲಿ ರೋಗಿಗಳೂ ಮಲಗಲ್ಲ, ನರ್ಸುಗಳೂ ಮಲಗಲ್ಲ, ನಾನಂತೂ ಮಲಗೋದು ಮೀಟಿಂಗ್‌ನಲ್ಲಿ ಮಾತ್ರ. ಯಾವ ಮಾತ್ರೆ ನುಂಗ್ತೀರಿ?"

"ಮಾತ್ರೆ ಅಲ್ಲ ಸಾಹೇಬ್ರೇ, ಸಂಗೀತ," ಎಂದು ಎದೆಯುಬ್ಬಿಸಿದೆ.

ಇಷ್ಟರಲ್ಲಿ ಅಕ್ಕ ಬಂದಳು. ನನ್ನ ಕೋಪ ಎಲ್ಲರಿಗೂ ಗೊತ್ತು. ಆದರೆ ನಾನು ಅದನ್ನು ಕಲಿತದ್ದು ಅಕ್ಕನಿಂದ ಎನ್ನುವುದು ನಮ್ಮ ಮನೆಯವರಿಗೆ ಮಾತ್ರ ಗೊತ್ತು. ಬಂದವಳು ಕೂರಲೂ ಇಲ್ಲ.

"ನೋಡೋ, ಅವನು ಹೊಸದಾಗಿ ಹಾಡು ಬಿಡುಗಡೆ ಮಾಡ್ತಾನಂತೆ. ಇದು ಕೊನೇದು. ನಾನೇ ಬಂದು ಕೂತು ಕೇಳ್ತೀನಿ. ನನಗೆ ಕೇಳೋಕೆ ಆಗ್ಲಿಲ್ಲ ಅಂದ್ರೆ ಆ ಡಬ್ಬ ಪೆಟ್ಟಿಗೆ ಎಲ್ಲಾ ಅವತ್ತೇ ಮೂಟೆ ಕಟ್ಟಿ, ಅವನನ್ನ ಅವರ ದೊಡ್ಡಪ್ಪನ ಗೋದಾಮಿಗೆ ಕಳಿಸಿಬಿಡ್ತೀನಿ. ಬಸ್ಸಲ್ಲಿ ಹೋದ್ರೆ ಒಂದಿಡೀ ದಿನ ಬೇಕು ಆ ಊರಿಗೆ. ಅಲ್ಲಿ ಇರಲಿ, ಕೂದಲು ಕತ್ತರಿಸ್ಕೊಂಡು."

ಅವನು ಹೋದರೆ ನನ್ನ ನಿದ್ದೆಯೂ ಅದೇ ಬಸ್ಸಿನಲ್ಲಿ ಹೋಗುತ್ತದೆ.

"ಅಕ್ಕಾ, ನೀನು ಅವನ ಹಾಡು ಕೇಳಿಲ್ಲ."

"ಕೇಳಿದೀನಿ! ಬಚ್ಚಲಲ್ಲಿ. ಹುಲಿ ಒಳಗೆ ಸಿಕ್ಕಿಹಾಕ್ಕೊಂಡಿದೆ ಅಂತ ಹೊರಗಿಂದ ಚಿಲಕ ಹಾಕಿದ್ದೆ."

"ಬಚ್ಚಲಲ್ಲಿ ಯಾರು ಹಾಡಿದ್ರೂ ಹಾಗೇ ಅಕ್ಕಾ! ನೀನು ಬಾ. ಇಲ್ಲೇ, ನಮ್ಮ ಅಂಗಡಿಯಲ್ಲೇ ಬಿಡುಗಡೆ. ನಿನಗೆ ಬೇಡ ಅಂತ ಅನಿಸಿದ್ರೆ ನಾನೇ ಅವನನ್ನ ಬಸ್ ಹತ್ತಿಸ್ತೀನಿ."

"ಮಾತು ಕೊಟ್ಟಂಗೆ?"

"ಕೊಟ್ಟಂಗೆ."

ಸಂಜೆ ಜಡೆಗೆ ಹೇಳಿದೆ. ಅವನು ನಂಬರ್ ಬರೆಯುವ ಕುಂಚ ಹಿಡಿದುಕೊಂಡೇ ನಿಂತುಬಿಟ್ಟ.

"ಇಲ್ಲಿ? ನಿಮ್ಮ ಅಂಗಡಿಯಲ್ಲಿ? ಎಲ್ಲರ ಎದುರಿಗೆ?"

"ಹೂಂ. ನೆಲದ ತುಂಬ ಹಾಸಿಗೆ ಹಾಸ್ತೀನಿ. ಬಂದವರು ಮಲಗಿ ಕೇಳಲಿ."

"ಮಾವ, ಇದು ಮಲಗಿ ಕೇಳೋ ಹಾಡಲ್ಲ..."

"ನನಗೆ ಹೇಳ್ಕೊಡ್ಬೇಡ. ನಾನು ದಿನಾ ಮಲಗೇ ಕೇಳ್ತಿದೀನಿ. ಇಂಥ ಸಂಗೀತ ನನ್ನ ಜನ್ಮದಲ್ಲಿ ಕೇಳಿಲ್ಲ ಕಣೋ. ಒಂದು ದಿನ ನೀವು ಬರಲಿಲ್ಲ ಅಂದ್ರೆ ನನಗೆ ಹುಚ್ಚು ಹಿಡಿಯುತ್ತೆ."

"ದಿನಾ ಕೇಳ್ತಿದ್ರಾ? ನಮ್ಮ ಮನೆಯವರಲ್ಲಿ ಇಲ್ಲಿವರೆಗೆ ಯಾರೂ..." ಎಂದು ಮುಖ ಆಚೆ ತಿರುಗಿಸಿಕೊಂಡ. ಹಲ್ಲಿನ ಡಾಕ್ಟರ ಮಗಳಿಗೆ ಫೋನ್ ಮಾಡಿ, "ಮಾವನಿಗೆ ಎರಡನೇ ಹಾಡಿನ ನಡುವಿನ ಭಾಗವೂ ಇಷ್ಟ ಆಗಿದೆಯಂತೆ," ಎಂದ. ನಾನು ಹಾಗೆ ಹೇಳಿರಲಿಲ್ಲ. ಆದರೆ ಅಲ್ಲ ಎನ್ನಲೂ ಇಲ್ಲ.

ಅವನೇ ಒಂದು ಬೋರ್ಡು ಬರೆದ. 'ನೀರಡಿಯ ಊರು. ಹೊಸ ಹಾಡುಗಳ ಬಿಡುಗಡೆ.' ನೀರಲ್ಲಿ ಮುಳುಗಿದ ಒಂದು ಊರಿನ ಕಥೆಯಂತೆ. ಮನೆಗಳು, ದೀಪಗಳು, ಬಾಗಿಲು ತಟ್ಟುವ ಮೀನುಗಳು. ನನಗೆ ಬಹಳ ಹಿಡಿಸಿತು. ಅದರ ಕೆಳಗೆ ನಾನು ನನ್ನ ಕೈಯಾರೆ ಸೇರಿಸಿದೆ: 'ಮಲಗಿ ಕೇಳತಕ್ಕದ್ದು. ದಿಂಬು ಅಂಗಡಿಯದೇ.'

ಬಿಡುಗಡೆಯ ದಿನ ಬೆಳಿಗ್ಗೆ ನಾನು ಅಂಗಡಿಯ ಹಾಸಿಗೆಗಳನ್ನೆಲ್ಲ ಹಾಸಿ, ದಿಂಬು ಜೋಡಿಸಿ, ಸೊಂಟದ ಮೇಲೆ ಕೈಯಿಟ್ಟು ನಿಂತೆ. ಆಗ ನನಗೆ ಒಂದು ಬುದ್ಧಿವಂತಿಕೆ ಹೊಳೆಯಿತು. ಇಂಥ ಹೊಳಹು ನಿದ್ದೆಗೆಟ್ಟಿದ್ದಾಗ ಒಂದು ದಿನವೂ ಬಂದಿರಲಿಲ್ಲ. ಮೂಟೆಗಳ ಈಚೆಗೆ ಇಷ್ಟು ಚೆನ್ನಾಗಿ ಕೇಳುವ ಹಾಡು, ಮೂಟೆಗಳೇ ಇಲ್ಲದಿದ್ದರೆ ಇನ್ನೆಷ್ಟು ಚೆನ್ನಾಗಿ ಕೇಳಬಹುದು! ಅಕ್ಕನಿಗೆ ಒಂದು ಹನಿಯೂ ತಪ್ಪಿಹೋಗಬಾರದು.

ಹಮಾಲರನ್ನು ಕರೆಸಿ ಅಷ್ಟೂ ಮೂಟೆಗಳನ್ನು ತೆಗೆಸಿ ಅಂಗಳದಲ್ಲಿ ಒಟ್ಟಿಸಿದೆ. ಅಂಗಡಿಯೂ ಹಜಾರವೂ ಒಂದಾಗಿ ಮೈದಾನವಾಯಿತು. ಜಡೆ ಬಂದವನು ಅದನ್ನು ನೋಡಿ, "ಮಾವ, ನಮಗೋಸ್ಕರ ಗೋಡೆನೇ ತೆಗೆಸಿಬಿಟ್ರಾ?" ಎಂದು ನನ್ನನ್ನು ತಬ್ಬಿಕೊಂಡ.

ಮಧ್ಯಾಹ್ನ ಜನ ಬಂದರು. ಸಾಹೇಬರು ಕಣ್ಣಿಗೆ ಕಟ್ಟುವ ಕಪ್ಪು ಪಟ್ಟಿಯನ್ನು ಮನೆಯಿಂದಲೇ ತಂದಿದ್ದರು. ಮೇಷ್ಟ್ರು ಸಾಕ್ಷಿಗಾಗಿ ಬಂದಿದ್ದೇನೆ ಎಂದು ಹೇಳಿಕೊಂಡೇ ಮೂಲೆಯ ದಪ್ಪ ಹಾಸಿಗೆ ಹಿಡಿದರು. ಅಕ್ಕ ಮುಂದಿನ ಸಾಲಿನಲ್ಲಿ, ಮಲಗದೆ, ನೆಟ್ಟಗೆ ಕೂತಳು. ಆಮೇಲೆ ಜಡೆಯ ಅಭಿಮಾನಿಗಳು ಬಂದರು. ಎಲ್ಲ ಕಪ್ಪು ಬಟ್ಟೆ, ಅಂಗಿಯ ಮೇಲೆ ತಲೆಬುರುಡೆ. ಯಾರದೋ ಸಾವಿಗೆ ಬಂದವರು ವಿಳಾಸ ತಪ್ಪಿದರೇನೋ ಎಂದುಕೊಂಡೆ. ಆದರೆ ಬೋರ್ಡು ಓದಿದರು, ಚಪ್ಪಲಿ ಬಿಟ್ಟರು, ಒಬ್ಬೊಬ್ಬರಾಗಿ ಶಿಸ್ತಾಗಿ ಮಲಗಿಕೊಂಡರು. ಮೇಷ್ಟ್ರ ಪಕ್ಕದವನು, "ಸರ್, ನೀವು ಮೊದಲಿಂದ ಕೇಳ್ತಾ ಇದ್ದೀರಾ?" ಎಂದ. "ನಾನು ಬರೆಯುವವನು," ಎಂದರು ಮೇಷ್ಟ್ರು. ಅವನು ಕೈ ಮುಗಿದ. ಮೇಷ್ಟ್ರು ಕಟ್ಟುಹಲ್ಲನ್ನು ತೆಗೆದು ಕರವಸ್ತ್ರದಲ್ಲಿ ಸುತ್ತಿ ಪಕ್ಕಕ್ಕಿಟ್ಟುಕೊಂಡರು.

ಜಡೆ ಫೋನ್ ಮೇಲೆತ್ತಿ ತೋರಿಸಿ, "ಇವತ್ತು, ಈ ಗಳಿಗೆಯಿಂದ, ನಮ್ಮ ಹಾಡುಗಳು ಯಾರು ಬೇಕಾದರೂ ಎಲ್ಲಿ ಬೇಕಾದರೂ ಕೇಳಬಹುದು," ಎಂದು ಬೆರಳು ಒತ್ತಿದ. ಅಷ್ಟೇ ಬಿಡುಗಡೆ. ಒಂದು ಎಳನೀರು ಕೊಚ್ಚುವಷ್ಟೂ ಸದ್ದಾಗಲಿಲ್ಲ. "ಇವತ್ತಿನ ಹಾಡುಗಳನ್ನ ನಮ್ಮ ಮಾವನಿಗೆ ಅರ್ಪಿಸ್ತೀವಿ," ಎಂದ. ಎಲ್ಲ ಮಲಗಿಕೊಂಡೇ ಚಪ್ಪಾಳೆ ತಟ್ಟಿದರು.

ಮೊದಲು ಹಲ್ಲಿನ ಡಾಕ್ಟರ ಮಗಳು ಒಬ್ಬಳೇ ನುಡಿಸಿದಳು. ಸೂರಿನಿಂದ ಹನಿ ತೊಟ್ಟಿಕ್ಕಿದ ಹಾಗೆ, ಒಂದು, ಇನ್ನೊಂದು. ಸಾಹೇಬರು ಪಟ್ಟಿ ಎಳೆದುಕೊಂಡು ನಿಟ್ಟುಸಿರು ಬಿಟ್ಟರು. ಅಕ್ಕನ ಬೆನ್ನು ಸ್ವಲ್ಪ ಬಾಗಿತು. ನಾನು ಎಲ್ಲರ ಮುಖ ನೋಡುತ್ತ, ನೋಡಿದ್ರಾ ಎಂಬಂತೆ ತಲೆಯಾಡಿಸಿದೆ.

ಆಮೇಲೆ ಕ್ಯಾಷಿಯರ್ ಜೇಬಿನ ಪೆನ್ನು ತೆಗೆದು ಪಕ್ಕಕ್ಕಿಟ್ಟ. ಕಾಲು ಎತ್ತಿದ.

ನೆಲ ಅದುರಿತು. ಕಲ್ಲು ತುಂಬಿದ ಲಾರಿಗಳು ಸಾಲಾಗಿ ಮೆಟ್ಟಿಲು ಇಳಿದಂತೆ ಡ್ರಮ್ಮು. ಅದರ ಮೇಲೆ ಜಡೆ ಬಾಯಿ ತೆರೆದ. ನಾನು ಅವನನ್ನು ತೊಟ್ಟಿಲಲ್ಲಿ ನೋಡಿದವನು. ಆ ಗಂಟಲಿನಿಂದ ಅಂಥದ್ದು ಬರಬಹುದೆಂದು ಯಾರಾದರೂ ಹೇಳಿದ್ದರೆ ಅವರನ್ನು ಬೈದು ಅಟ್ಟುತ್ತಿದ್ದೆ. ಅದು ಹಾಡಲ್ಲ. ನೆಲದೊಳಗೆ ಹೂತಿದ್ದ ಯಾರೋ ಮೈಕೊಡವಿಕೊಂಡು ಎದ್ದು, ನನ್ನನ್ನು ಹೂತವರು ಯಾರು ಎಂದು ವಿಚಾರಿಸಿದ ಹಾಗಿತ್ತು.

ಸಾಹೇಬರು ಎದ್ದರು. ಕಣ್ಣಿನ ಪಟ್ಟಿ ತೆಗೆಯಲು ನೆನಪಾಗದೆ ಗೋಡೆ ಹುಡುಕಿಕೊಂಡು ಹೋಗಿ ಹಿಂಜುವ ಯಂತ್ರವನ್ನು ಅಪ್ಪಿಕೊಂಡರು. "ಕರೆಂಟು ಹೋಗಿದೆ! ಯಾರಾದ್ರೂ ಜನರೇಟರ್ ಹಾಕ್ರಯ್ಯಾ!" ಎಂದು ಕೂಗಿದರು. ಮೇಷ್ಟ್ರು ಏನೋ ಹೇಳಿದರು, ಹಲ್ಲಿಲ್ಲದ ಕಾರಣ ಗಾಳಿ ಮಾತ್ರ ಬಂತು. ನನ್ನ ಹೆಂಡತಿ ಮಾತ್ರ ನನ್ನ ಕಡೆ ತಿರುಗಿ, "ಪರವಾಗಿಲ್ಲ, ನಿಮ್ಮ ಹಳೇ ದನಿನೇ ಇದು," ಎಂದಳು. ಅಭಿಮಾನಿಗಳು ಮಲಗಿದ್ದಲ್ಲೇ ದಿಂಬಿನ ಮೇಲೆ ತಲೆ ಎತ್ತಿ ಎತ್ತಿ ಕುಟ್ಟತೊಡಗಿದರು. ಎಲ್ಲರದೂ ಒಂದೇ ತಾಳ. ಒಂದು ದಿಂಬು ಸಿಡಿಯಿತು, ಇನ್ನೊಂದು ಸಿಡಿಯಿತು. ಅಟ್ಟದ ಮೇಲೆ ಹಿಂಜಿ ಇಟ್ಟಿದ್ದ ಬಿಡಿ ಹತ್ತಿ ಡ್ರಮ್ಮಿನ ನಡುಕಕ್ಕೆ ಜಾರಿ, ಮೆಲ್ಲಮೆಲ್ಲಗೆ ಇಳಿಯತೊಡಗಿತು. ಆ ಗದ್ದಲದ ನಡುವೆ ಅದೊಂದು ಮಾತ್ರ ಸದ್ದಿಲ್ಲದೆ ಬೀಳುತ್ತಿತ್ತು. ಬಿಸಿಲಿನ ಕೋಲುಗಳಲ್ಲಿ ತಿರುಗಿ, ಕಪ್ಪು ಅಂಗಿಗಳ ಮೇಲೆ, ಮೇಷ್ಟ್ರ ಬೋಳು ತಲೆಯ ಮೇಲೆ, ಅಕ್ಕನ ಕೆಂಡದಂಥ ಮುಖದ ಮೇಲೆ ಕೂರುತ್ತಿತ್ತು.

ನನ್ನ ಹಳೆಯ ಕೋಪ ಎಲ್ಲಿತ್ತೋ, ಬಂತು. ನುಗ್ಗಿ ಹೋಗಿ ಜಡೆಯ ಕೈಯಿಂದ ಮೈಕು ಕಸಿದೆ.

"ನಿಲ್ಲಿಸ್ರೋ ಅಯೋಗ್ಯರಾ! ಯಾರ ಹೊಟ್ಟೆ ಬಗೀತಿದೀರೋ! ನನ್ನ ಜೋಗುಳ ಎಲ್ಲೋ? ಎಲ್ಲೋ ನನ್ನ ಜೋಗುಳ!"

ಮೈಕು ನನ್ನ ದನಿಯನ್ನು ನಾಲ್ಕು ಪಟ್ಟು ಮಾಡಿ ಬಯಲಿನಾಚೆ ಎಸೆಯಿತು. ಆಮೇಲೆ ಅಭಿಮಾನಿಗಳು ಎದ್ದು ನಿಂತು ಕಿರುಚಿದರು. "ಯಾರು ಗುರು ಇವರು! ಏನು ಗಂಟಲು! ಇನ್ನೊಂದು ಸಲ!" ಜಡೆ ಕಣ್ಣೊರೆಸಿಕೊಂಡು ಕ್ಯಾಷಿಯರನಿಗೆ ಸನ್ನೆ ಮಾಡಿದ. ಕ್ಯಾಷಿಯರ್ ನನ್ನ ಬೈಗುಳಕ್ಕೆ ತಾಳ ಹಾಕಿದ. ಬೈದಷ್ಟೂ ಜೋರಾಗಿ ಹಾಕಿದ.

ಮೈಕು ಬಿಸಾಕಿ ತಿರುಗಿದರೆ ಅಕ್ಕ ಎದ್ದು ನಿಂತಿದ್ದಳು.

"ಆಯ್ತಲ್ಲ? ಮಾತು ಕೊಟ್ಟಿದ್ದೀಯ. ಅವನ ಪೆಟ್ಟಿಗೆ ಕಟ್ಟಿಸು. ಬಸ್ಸಿಗೆ ಇನ್ನೂ ಹೊತ್ತಿದೆ."

ನಾನು ಅಂಗಳದ ಕಡೆ ನೋಡಿದೆ. ಬಿಸಿಲಿನಲ್ಲಿ ನನ್ನ ಮೂಟೆಗಳು ದಪ್ಪ ದಪ್ಪ ಅಜ್ಜಿಯರ ಹಾಗೆ ಒಂದರ ಮೇಲೊಂದು ಒರಗಿ ಕೂತಿದ್ದವು. ಅವುಗಳನ್ನು ನೋಡಿದ ಕೂಡಲೇ, ಹಾಡು ಎಲ್ಲಿ ಹೋಯಿತು ಎನ್ನುವುದು ನನಗೆ ಗೊತ್ತಾಯಿತು.

"ಕೂತ್ಕೋ ಅಕ್ಕಾ! ಇನ್ನೂ ಮುಗಿದಿಲ್ಲ!" ಎಂದು ಕೂಗಿ, ಅಂಗಡಿಯ ನಡುವೆ ನಿಂತೆ. "ಏಳ್ರೋ ಎಲ್ಲಾ! ತಲೆಬುರುಡೆಯವರೆಲ್ಲ ಅಂಗಳಕ್ಕೆ ನಡೀರಿ! ಒಬ್ಬೊಬ್ಬರು ಒಂದೊಂದು ಮೂಟೆ! ಸಾಹೇಬ್ರೇ, ಪಟ್ಟಿ ತೆಗೀರಿ, ಇದನ್ನ ಹಿಡೀರಿ! ಮೇಷ್ಟ್ರೇ, ಸಾಕ್ಷಿ ಆಮೇಲೆ, ಮೊದಲು ಕೈ ಕೊಡಿ! ಲೇ ಜಡೆ, ನೀನು ನಿಲ್ಲಿಸ್ಬೇಡ!"

ನನ್ನ ಗಂಟಲಿಗೆ ಎದುರಾಡುವ ಗಂಟಲು ಅಲ್ಲಿ ಒಂದೇ ಇತ್ತು, ಅಕ್ಕನದು. ಅವಳು ಬೆರಗಾಗಿ ಕೂತುಬಿಟ್ಟಿದ್ದಳು. ಅಂಗಳದಿಂದ ಅಂಗಡಿಗೆ ಸಾಲು ಕಟ್ಟಿತು. ಮೂಟೆಗಳು ಕೈಯಿಂದ ಕೈಗೆ ಬಂದವು. ಒಂದು ಸಾಲು ಎದ್ದಿತು. ಅದರ ಮೇಲೆ ಇನ್ನೊಂದು. ಕ್ಯಾಷಿಯರನ ಕಾಲು ಮರೆಯಾಯಿತು, ಮೊಳಕಾಲು ಮರೆಯಾಯಿತು, ಹಲ್ಲಿನ ಡಾಕ್ಟರ ಮಗಳ ಗಿಟಾರು ಅರ್ಧ ಉಳಿಯಿತು.

ಅಭಿಮಾನಿಗಳಲ್ಲಿ ಒಬ್ಬ ಮೂಟೆ ಎತ್ತುವುದನ್ನು ನಿಲ್ಲಿಸಿ, ಪಿಸುಗುಟ್ಟಿದ. "ಲೋ, ನೋಡ್ರೋ. ಊರು ಮುಳುಗ್ತಿದೆ."

ಎಲ್ಲರೂ ನೋಡಿದರು. ಬಿಳಿ ನೀರು ಏರುತ್ತಿತ್ತು. ಅದರೊಳಗೆ ಮೂವರು ನಿಂತು ಹಾಡುತ್ತಲೇ ಇಳಿಯುತ್ತಿದ್ದರು. ಜಡೆಗೂ ಅದು ಹೊಳೆಯಿತು. ಕುತ್ತಿಗೆಯವರೆಗೆ ಮುಳುಗಿದವನು ನನ್ನನ್ನು ನೋಡಿದ. ಆ ನೋಟ ನನಗೆ ಇವತ್ತಿಗೂ ಕಷ್ಟ. ದೇವರನ್ನು ನೋಡುವವರು ಹಾಗೆ ನೋಡುತ್ತಾರೆ. ನನ್ನ ಹಾಡನ್ನು ಇಷ್ಟು ಆಳಕ್ಕೆ ಹಿಡಿದವರು ನೀವೊಬ್ಬರೇ ಎಂಬಂತೆ. ನಾನು ಬಿಗಿಯಾಗಿ ತಲೆಯಾಡಿಸಿ, ಅವನ ಮುಖದ ಮುಂದೆ ಕೊನೆಯ ಸಾಲಿನ ಮೂಟೆ ಇಟ್ಟೆ.

ಮತ್ತೆ ಅದು ಬಂತು. ಗುಂಯ್ ಎಂದು, ನೀರಿನಡಿಯಿಂದ. ಮುಳುಗಿದ ಊರಿನ ಬೀದಿಯಲ್ಲಿ ಯಾರೋ ದೀಪ ಹಿಡಿದು ನಡೆದಂತೆ ಆ ರಾಗ. ಹತ್ತಿ ಇನ್ನೂ ಬೀಳುತ್ತಲೇ ಇತ್ತು. ಮೂಟೆ ಹೊತ್ತು ದಣಿದವರು ಒಬ್ಬೊಬ್ಬರಾಗಿ ಸಿಕ್ಕ ಹಾಸಿಗೆಯ ಮೇಲೆ ಕೂತರು, ಒರಗಿದರು, ಉರುಳಿದರು. ಸಾಹೇಬರು ಪಟ್ಟಿ ಕಟ್ಟಿಕೊಳ್ಳುವ ಮೊದಲೇ ನಿದ್ದೆ ಹೋದರು. ಮೇಷ್ಟ್ರು ಒಬ್ಬ ತಲೆಬುರುಡೆಯವನ ತೋಳಿನ ಮೇಲೆ ತಲೆಯಿಟ್ಟಿದ್ದರು. ಹೆಂಡತಿ ಸೆರಗು ಮುಖದ ಮೇಲೆಳೆದುಕೊಂಡಳು. ಅಕ್ಕ ಬಹಳ ಹೊತ್ತು ನೆಟ್ಟಗೆ ಕೂತು ಹೋರಾಡಿದಳು. ಕಣ್ಣು ಮುಚ್ಚುವುದು, ತೆರೆದು ನನ್ನನ್ನು ಗುರಾಯಿಸುವುದು. ಕೊನೆಗೆ ಗುರಾಯಿಸುತ್ತಲೇ ಪಕ್ಕಕ್ಕೆ ವಾಲಿದಳು. ನಾನು ದಿಂಬು ಕೊಟ್ಟೆ.

ಬಾಗಿಲಲ್ಲಿ ಚಹಾ ತರುವವನು ಲೋಟಗಳ ಸಮೇತ ನಿಂತಿದ್ದ. ಒಳಗೆ ಉದ್ದಕ್ಕೂ ಬಿದ್ದಿದ್ದ ಬೆಳ್ಳಗಿನ ಮೈಗಳನ್ನು ನೋಡಿ, "ಅಣ್ಣಾ, ಪೊಲೀಸರಿಗೆ ಹೇಳ್ಲಾ?" ಎಂದ.

"ಷ್," ಎಂದೆ.

ಹಾಡಿನ ಹಿಂದೆ ಹಾಡು ಬಂತು. ಕೊನೆಯದು ಮುಗಿಯಿತು. ಆಚೆ ಎಲ್ಲ ನಿಂತಿತು.

ಆ ನಿಶ್ಶಬ್ದ ಎಂಥದೆಂದು ನಿಮಗೆ ಹೇಗೆ ಹೇಳಲಿ? ಮೈಮೇಲಿನ ಹೊದಿಕೆ ಕಿತ್ತುಕೊಂಡಂತಾಯಿತು. ಹಾಸಿಗೆಗಳ ಮೇಲೆ ಒಬ್ಬರ ನಂತರ ಒಬ್ಬರು ಕದಲಿದರು. ಸಾಹೇಬರು ಮಗುವಿನ ಹಾಗೆ ನರಳಿದರು. ಮೂಟೆಗಳ ಮೇಲಿನ ಸಂದಿಯಿಂದ ಜಡೆಯ ಎರಡು ಕಣ್ಣು ಇಣುಕಿದವು. ಬೇರೆ ಯಾರನ್ನೂ ಅಲ್ಲ, ಅಮ್ಮನನ್ನು ಹುಡುಕುತ್ತಿದ್ದವು.

ಅಕ್ಕ ಎದ್ದು ಕೂತಳು. ತಲೆ ತುಂಬ ಹತ್ತಿ, ಕೆನ್ನೆಯ ಮೇಲೆ ದಿಂಬಿನ ಗೆರೆ. ಸುತ್ತ ನೋಡಿದಳು. ಅವಳ ಮೂಗಿನ ಹೊಳ್ಳೆಗಳು ಅರಳಿದ್ದನ್ನು ನೋಡಿ ನನಗೆ ಚಿಕ್ಕಂದಿನ ಹೆದರಿಕೆಯೇ ಬಂತು.

"ಯಾರೋ ಅದು ನಿಲ್ಸಿದ್ದು?" ಎಂದು ಗುಡುಗಿದಳು. "ಈಗಷ್ಟೇ ಕಣ್ಣು ಹತ್ತಿತ್ತು. ನಿಲ್ಸು ಅಂತ ಯಾರು ಹೇಳಿದ್ರೋ ನಿನಗೆ? ಹಾಡೋ!"

"ಮೊದಲಿಂದಾನಾ ಅಮ್ಮ?" ಆಚೆಯಿಂದ ದನಿ ಒಡೆದು ಬಂತು.

"ಮೊದಲಿಂದ! ಮಧ್ಯೆ ನಿಲ್ಲಿಸಿದ್ರೆ ಕೂದಲು ಕತ್ತರಿಸ್ತೀನಿ!"

ಮೂಟೆಗಳ ಹಿಂದೆ ಯಾರೋ ಬಿಕ್ಕಿದರು. ಕ್ಯಾಷಿಯರ್ ಇರಬೇಕು. ಆಮೇಲೆ ಒಂದು ಹನಿ ತೊಟ್ಟಿಕ್ಕಿತು, ಇನ್ನೊಂದು. ಅಕ್ಕ, "ಅವರ ದೊಡ್ಡಪ್ಪ ಗೋದಾಮಿಗೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಲಿ ಬಿಡು," ಎಂದು ಗೊಣಗುತ್ತ ಮಗ್ಗುಲು ತಿರುಗಿದಳು.

ಒಂದು ಹಾಸಿಗೆಯೂ ಖಾಲಿ ಇರಲಿಲ್ಲ. ನನ್ನ ಅಂಗಡಿ, ನನ್ನ ಹತ್ತಿ, ನನಗೇ ಜಾಗವಿಲ್ಲ. ಮೇಷ್ಟ್ರನ್ನು ಎರಡು ಕೈಯಲ್ಲಿ ತಳ್ಳಿ ಗೋಡೆಗೆ ಸರಿಸಿದೆ. ಅವರು ನಿದ್ದೆಯಲ್ಲೇ ನನ್ನ ಮೇಲೆ ಏನೋ ದೂರು ಹೇಳಿದರು. ಹೇಳಿಕೊಳ್ಳಲಿ.

ಆಮೇಲೆ ಏನಾಯಿತೆಂದು ನನ್ನನ್ನು ಕೇಳಬೇಡಿ. ಚಹಾ ತರುವವನನ್ನು ಕೇಳಿ. ಮೂಟೆಗಳ ಈಚೆ ಎಚ್ಚರವಿದ್ದವನು ಅವನೊಬ್ಬನೇ.